ಫೆಂಡರ್ ಮೇಲೆ ಎಲ್ಡೊರಾಡೊ, ಕಾಗದದಲ್ಲಿ ಎಫ್: 1959ರ ಕ್ಯಾಡಿಲಾಕ್ ದರ್ಜೆ ಗುರುತಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಮಂಡ್ಯ ಕಡೆಯವನು, ಕೆಲಸದ ಮೇಲೆ ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದೇನೆ. ಹಳೆಯ ಕಾರುಗಳೆಂದರೆ ಚಿಕ್ಕಂದಿನಿಂದಲೂ ಪ್ರಾಣ. ಇಲ್ಲೇ ಹತ್ತಿರದಲ್ಲಿ 1959ರ ಬಿಳಿ ಕ್ಯಾಡಿಲಾಕ್ ಕನ್ವರ್ಟಿಬಲ್ (ಮಡಿಚುವ ಟಾಪಿನ ಕಾರು) ಒಂದು ಮಾರಾಟಕ್ಕಿದೆ. ಮಾರುವವರು ಅದನ್ನು 'ಎಲ್ಡೊರಾಡೊ ಬಿಯಾರಿಟ್ಜ್' ಎನ್ನುತ್ತಾರೆ, ಬೆಲೆಯನ್ನೂ ಅದಕ್ಕೆ ತಕ್ಕಂತೆ ಹೇಳುತ್ತಿದ್ದಾರೆ. ಮುಂದಿನ ಫೆಂಡರ್ (ಚಕ್ರದ ಮೇಲಿನ ಪಕ್ಕದ ತಗಡು) ಮೇಲೆ ಎಲ್ಡೊರಾಡೊ ಅಂತ ಬರೆದಿದೆ, ಮೂರು ಕಾರ್ಬುರೇಟರ್ ಇದೆ, ಒಬ್ಬೊಬ್ಬರಿಗೆ ಬೇರೆಬೇರೆಯಾದ ಬಕೆಟ್ ಸೀಟು ಇದೆ. ಆದರೆ ಟೈಟಲ್ ಕಾಗದದಲ್ಲಿ, ಅಂದರೆ ಮಾಲೀಕತ್ವದ ದಾಖಲೆಯಲ್ಲಿ, ನಂಬರು 59ಎಫ್ ಎಂದು ಶುರುವಾಗುತ್ತದೆ. ಕೇಳಿದ್ದಕ್ಕೆ 'ಹಿಂದೆ ಯಾವಾಗಲೋ ಎಂಜಿನ್ ಬದಲಾಗಿತ್ತು, ಆಗ ಆ ಎಂಜಿನ್ನಿನ ನಂಬರನ್ನೇ ಕಾಗದಕ್ಕೆ ಬರೆದುಬಿಟ್ಟರು' ಎಂದರು. ನಂಬಬಹುದೇ? ಹಾಗೆಯೇ, ಈ ಕಾಲದ ಅಮೆರಿಕನ್ ಲಕ್ಷುರಿ ಕಾರುಗಳಲ್ಲಿ ಯಾವುದು ಮೇಲಿನ ದರ್ಜೆ, ಯಾವುದು ಕೆಳಗಿನದು ಎಂದು ನೋಡಿ ಹೇಳುವುದು ಹೇಗೆ?

ಉತ್ತರ: ಮೊದಲು ಆ ಎಫ್ ಅಕ್ಷರದ ವಿಚಾರ ಮುಗಿಸೋಣ. 1959ರ ಕ್ಯಾಡಿಲಾಕ್ ನಂಬರಿನಲ್ಲಿ ಮೊದಲ ಎರಡು ಅಂಕಿ ಮಾಡೆಲ್ ವರ್ಷ. ನಂತರದ ಒಂದೇ ಒಂದು ಅಕ್ಷರ ಕಾರು ಯಾವ ಬಗೆಯದೆಂದು ಹೇಳುತ್ತದೆ. ಉಳಿದ ಆರು ಅಂಕಿ ಕ್ರಮಸಂಖ್ಯೆ. ಎಫ್ ಎಂದರೆ ಸೀರೀಸ್ 62 ಕನ್ವರ್ಟಿಬಲ್. ಬಿಯಾರಿಟ್ಜ್ ಆಗಿದ್ದರೆ ಆ ಜಾಗದಲ್ಲಿ ಇ ಇರಬೇಕಿತ್ತು. ಕಾಗದವನ್ನಷ್ಟೇ ನೋಡಿದರೆ ನಿಮ್ಮ ಎದುರಿಗಿರುವುದು ಸೀರೀಸ್ 62. ಅದಕ್ಕೆ ಯಾರೋ ಎಲ್ಡೊರಾಡೊ ವೇಷ ಹಾಕಿದ್ದಾರೆ.

ಮಾರುವವರ ವಿವರಣೆಯನ್ನು ಹಾಗೆಂದು ಒಂದೇ ಮಾತಿಗೆ ತಳ್ಳಿಹಾಕುವಂತಿಲ್ಲ. ಆ ಕಾಲದ ಕ್ಯಾಡಿಲಾಕ್‌ಗಳಲ್ಲಿ ಎಂಜಿನ್ ನಂಬರೂ ಕಾರಿನ ನಂಬರೂ ಒಂದೇ. ಅಮೆರಿಕದ ಹಲವು ರಾಜ್ಯಗಳಲ್ಲಿ ಎಂಜಿನ್ ನಂಬರಿನ ಮೇಲೆಯೇ ಟೈಟಲ್ ಕೊಡುತ್ತಿದ್ದರು. ಆದ್ದರಿಂದ ಸೀರೀಸ್ 62ರ ಎಂಜಿನ್ ಕೂರಿಸಿಕೊಂಡ ಅಸಲಿ ಬಿಯಾರಿಟ್ಜ್‌ಗೆ ಎಫ್ ಇರುವ ಕಾಗದ ಬಂದಿರಬಹುದು. ಆದರೆ ಆ ಮಾತು ನಿಜವೋ ಸುಳ್ಳೋ ಎಂದು ಒಂದು ಬೆಳಗ್ಗೆಯಲ್ಲಿ ಪತ್ತೆ ಮಾಡಬಹುದು. ಅದೇ ನಂಬರನ್ನು ಕಾರ್ಖಾನೆಯಲ್ಲಿ ಚಾಸಿಯ (ಕಾರಿನ ಅಡಿಯ ಚೌಕಟ್ಟಿನ) ಮೇಲೂ ಒತ್ತಿರುತ್ತಾರೆ. ಎಂಜಿನ್ ಬದಲಾದರೂ ಚಾಸಿ ಬದಲಾಗುವುದಿಲ್ಲ. ಜೊತೆಗೆ ಎಂಜಿನ್ ಕೋಣೆಯ ಹಿಂಗೋಡೆಯ ಮೇಲೆ, ಅಂದರೆ ಫೈರ್‌ವಾಲ್ ಮೇಲೆ, ಕಾರಿನ ಬಾಡಿಯ ವಿವರ ಇರುವ ಬೇರೊಂದು ತಗಡಿನ ಫಲಕ ಇರುತ್ತದೆ. ಮಾರುವವರ ಮಾತು ನಿಜವಾದರೆ ಚಾಸಿಯ ಮೇಲೆ 59ಇ ಇರಬೇಕು, ಫಲಕವೂ ಬಿಯಾರಿಟ್ಜ್ ಎಂದೇ ಹೇಳಬೇಕು. ಇವೆರಡನ್ನೂ ಕಣ್ಣಾರೆ ನೋಡುವವರೆಗೆ ಮುಂಗಡ ಕೊಡಬೇಡಿ.

ಇಷ್ಟೊಂದು ಗೊಂದಲ ಯಾಕೆಂದರೆ, 1959ರಲ್ಲಿ ಕ್ಯಾಡಿಲಾಕ್ ಕಂಪನಿ ಬಹುಪಾಲು ಒಂದೇ ಗಾತ್ರದ ಕಾರುಗಳನ್ನು ಬೇರೆ ಬೇರೆ ಹೆಸರಲ್ಲಿ, ಬೇರೆ ಬೇರೆ ಬೆಲೆಗೆ ಮಾರಿತು. ಕೆಳಗಿನ ಮೆಟ್ಟಿಲು ಸೀರೀಸ್ 62. ಅದರ ಮೇಲೆ ಡಿವಿಲ್. ಆಮೇಲೆ ಫ್ಲೀಟ್‌ವುಡ್ ಸಿಕ್ಸ್‌ಟಿ ಸ್ಪೆಷಲ್ ಮತ್ತು ಎಲ್ಡೊರಾಡೊ. ಎಲ್ಡೊರಾಡೊದಲ್ಲೇ ಮತ್ತೆ ಮೂರು: ಮಡಿಚುವ ಟಾಪಿನ ಬಿಯಾರಿಟ್ಜ್, ಗಟ್ಟಿ ಛಾವಣಿಯ ಸೆವಿಲ್, ನಾಲ್ಕು ಬಾಗಿಲಿನ ಬ್ರೌಮ್. ಒಂಬತ್ತು ಜನ ಕೂರುವ ಸೀರೀಸ್ 75 ಲಿಮೋಸಿನ್ ಉದ್ದದಲ್ಲೇ ಬೇರೆಯಾಗಿ ಕಾಣುವುದರಿಂದ ಅದರ ಗೊಡವೆ ನಮಗೆ ಬೇಡ. ಉಳಿದವಕ್ಕೆಲ್ಲ ವೀಲ್‌ಬೇಸ್ (ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ಅಂತರ) 130 ಅಂಗುಲವೇ. ಬ್ರೌಮ್ ಒಂದನ್ನು ಬಿಟ್ಟರೆ ಹಿಂಬದಿಯ ಆ ಎತ್ತರದ ರೆಕ್ಕೆಗಳೂ ಎಲ್ಲದರಲ್ಲೂ ಒಂದೇ, ಜೋಡಿ ಬುಲೆಟ್ ದೀಪಗಳೂ ಒಂದೇ. ರೆಕ್ಕೆ ನೋಡಿ 'ಓ, ಎಲ್ಡೊರಾಡೊ' ಎನ್ನುವವರು ಬಹಳ ಜನ. ರೆಕ್ಕೆಯಿಂದ ವರ್ಷ ಗೊತ್ತಾಗುತ್ತದೆ, ದರ್ಜೆ ಗೊತ್ತಾಗುವುದಿಲ್ಲ.

ಅಂದಿನ ಬೆಲೆ ನೋಡಿದರೆ ವೇಷ ಹಾಕುವವರ ಆಸೆ ಅರ್ಥವಾಗುತ್ತದೆ. ಸೀರೀಸ್ 62 ಕನ್ವರ್ಟಿಬಲ್ 5,455 ಡಾಲರ್, ಬಿಯಾರಿಟ್ಜ್ 7,401 ಡಾಲರ್. ಎಫ್ ಕಾರುಗಳು 11,130 ತಯಾರಾದವು, ಬಿಯಾರಿಟ್ಜ್ ಬರೀ 1,320. ಇಂದು ಈ ಎರಡರ ಬೆಲೆಗೂ ಇರುವ ಅಂತರ ಆವತ್ತಿನದಕ್ಕಿಂತ ಎಷ್ಟೋ ದೊಡ್ಡದು. ಬಾಡಿಯ ಆಕಾರ ಒಂದೇ ಆಗಿರುವುದರಿಂದ ಹೊರಗಿನ ಕ್ರೋಮ್ ಪಟ್ಟಿ, ಅಕ್ಷರ, ಸೀಟು, ಕಾರ್ಬುರೇಟರ್ ಬದಲಿಸಿದರೆ ದೂರದಿಂದ ನೋಡುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಈಗ ಫೈರ್‌ವಾಲ್ ಮೇಲಿನ ಫಲಕ. ನನ್ನ ಮಟ್ಟಿಗೆ ಇಡೀ ಕಾರಿನಲ್ಲಿ ಅತಿ ಹೆಚ್ಚು ಮಾಹಿತಿ ಇರುವ ಜಾಗ ಇದು. ಬಾನೆಟ್ ಎತ್ತಿ, ಒದ್ದೆ ಬಟ್ಟೆಯಲ್ಲಿ ಜಿಡ್ಡು ಒರೆಸಿ, 'ಸ್ಟೈಲ್' ಎಂಬ ಪದದ ಮುಂದಿರುವ ಸಂಖ್ಯೆ ಓದಿ. ನಿಮ್ಮ ಕಾರಿನಲ್ಲಿ ಅಲ್ಲಿ 59-6267 ಇದ್ದರೆ ಸೀರೀಸ್ 62 ಕನ್ವರ್ಟಿಬಲ್, 59-6467 ಇದ್ದರೆ ಬಿಯಾರಿಟ್ಜ್. ಈ ನಾಲ್ಕಂಕಿಯನ್ನು ಎರಡಾಗಿ ಒಡೆದು ಓದುವುದು ಕಲಿತರೆ ಆ ವರ್ಷದ ಯಾವ ಕ್ಯಾಡಿಲಾಕನ್ನೂ ಗುರುತಿಸಬಹುದು. ಮೊದಲ ಜೋಡಿ ದರ್ಜೆ: 62 ಎಂದರೆ ಸೀರೀಸ್ 62, 63 ಎಂದರೆ ಡಿವಿಲ್, 64 ಎಂದರೆ (ಬ್ರೌಮ್ ಬಿಟ್ಟು) ಎಲ್ಡೊರಾಡೊ, 60 ಎಂದರೆ ಸಿಕ್ಸ್‌ಟಿ ಸ್ಪೆಷಲ್. ಎರಡನೇ ಜೋಡಿ ಬಾಡಿಯ ಆಕಾರ: 67 ಕನ್ವರ್ಟಿಬಲ್, 37 ಎರಡು ಬಾಗಿಲಿನ ಹಾರ್ಡ್‌ಟಾಪ್ (ಗಟ್ಟಿ ಛಾವಣಿ), 29 ಆರು ಕಿಟಕಿಯ ಸೆಡಾನ್, 39 ನಾಲ್ಕು ಕಿಟಕಿಯ ಸೆಡಾನ್. ಹಾಗಾಗಿ 6337 ಎಂದರೆ ಕೂಪ್ ಡಿವಿಲ್, 6437 ಎಲ್ಡೊರಾಡೊ ಸೆವಿಲ್, 6029 ಸಿಕ್ಸ್‌ಟಿ ಸ್ಪೆಷಲ್.

ಅದರ ಕೆಳಗೇ 'ಬಾಡಿ' ಎಂಬ ಪದದ ಮುಂದೆ ಇನ್ನೊಂದು ಸಂಖ್ಯೆ ಇರುತ್ತದೆ. ಆ ಬಗೆಯ ಬಾಡಿಗಳಲ್ಲಿ ಇದು ಎಷ್ಟನೆಯದು ಎಂಬ ಲೆಕ್ಕ ಅದು. ಬಿಯಾರಿಟ್ಜ್‌ಗಳು ತಯಾರಾದದ್ದೇ 1,320. ಸ್ಟೈಲ್ ಸಂಖ್ಯೆ 6467 ಇದ್ದು ಬಾಡಿ ಸಂಖ್ಯೆ ಐದು ಸಾವಿರ ಚಿಲ್ಲರೆ ಇದ್ದರೆ, ಅಲ್ಲಿ ಯಾರದೋ ಕೈವಾಡ ನಡೆದಿದೆ. ಹೊಸ ಫಲಕ ಅಚ್ಚು ಹಾಕಿಸುವವರು ಸ್ಟೈಲ್ ಸಂಖ್ಯೆಯನ್ನು ಜೋಪಾನವಾಗಿ ತಿದ್ದಿ, ಬಾಡಿ ಸಂಖ್ಯೆಯನ್ನು ಹಳೆಯದರಲ್ಲಿ ಇದ್ದಂತೆಯೇ ಬಿಡುವ ಸಾಧ್ಯತೆ ಇದೆ. ಫಲಕವನ್ನು ಹಿಡಿದಿರುವ ಮೊಳೆಗಳ ಕಡೆಗೂ ಕಣ್ಣು ಹಾಯಿಸಿ. ಸುತ್ತಲಿನ ಬಣ್ಣ ಹಳೆಯದಾಗಿದ್ದು ಮೊಳೆ ಮಾತ್ರ ಫಳಫಳ ಎನ್ನುತ್ತಿದ್ದರೆ ಅದನ್ನು ಈಚೆಗೆ ಬಿಚ್ಚಿದ್ದಾರೆ ಎಂದರ್ಥ. ಇನ್ನೊಂದು ಮಾತು: ಆ ಫಲಕದಲ್ಲಿ 'ಟ್ರಿಮ್' ಎಂದು ಬರೆದಿರುವುದು ದರ್ಜೆಯಲ್ಲ, ಒಳಗಿನ ಸೀಟು ಬಟ್ಟೆ ಅಥವಾ ಚರ್ಮದ ಕೋಡ್. ಹೊಸಬರು ಅದನ್ನೇ ದರ್ಜೆ ಎಂದುಕೊಂಡು ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಅದೂ ಉಪಯೋಗಕ್ಕೆ ಬರುತ್ತದೆ. ಟ್ರಿಮ್ ಕೋಡ್, ಪೇಂಟ್ ಕೋಡ್ ಎರಡನ್ನೂ ಬರೆದುಕೊಂಡು ಆ ವರ್ಷದ ಕ್ಯಾಡಿಲಾಕ್ ಕೋಡ್ ಪಟ್ಟಿಯೊಂದಿಗೆ ತಾಳೆ ನೋಡಿ. ಎಲ್ಡೊರಾಡೊಗೆ ಕೊಡದೇ ಇದ್ದ ಒಳಾಂಗಣದ ಕೋಡ್ ಕಂಡರೆ ಇನ್ನೊಂದು ಸಾಕ್ಷಿ ಸಿಕ್ಕಂತೆ.

ಇನ್ನು ಹೊರಗಿನ ಕ್ರೋಮ್. ಸೀರೀಸ್ 62ರಲ್ಲಿ ಮುಂದಿನ ಚಕ್ರದ ಕಮಾನಿನಿಂದ ಹೊರಟು ಬಾಗಿಲನ್ನು ದಾಟಿ ಹಿಂದಿನ ಬಂಪರ್‌ವರೆಗೆ ಒಂದೇ ನೇರಕ್ಕೆ ಹೋಗುವ ಪಟ್ಟಿ ಇರುತ್ತದೆ. ಅದರ ಮುಂತುದಿಯ ಕೆಳಗೆ, ಮುಂದಿನ ಫೆಂಡರ್ ಮೇಲೆ, ಒಂದು ಲಾಂಛನ. ಡಿವಿಲ್‌ನಲ್ಲಿ ಪಟ್ಟಿ ಹೆಚ್ಚುಕಡಿಮೆ ಹಾಗೆಯೇ ಇದ್ದರೂ ಮುಂದಿನ ಲಾಂಛನ ಇಲ್ಲ, ಬದಲಿಗೆ ಹಿಂದಿನ ಫೆಂಡರ್ ಮೇಲೆ ಕೂಡಕ್ಷರದಲ್ಲಿ ಹೆಸರು. ಎಲ್ಡೊರಾಡೊದ ಲೆಕ್ಕವೇ ಬೇರೆ. ಬಾಗಿಲ ಕೆಳಗಿನ ಅಂಚಿನುದ್ದಕ್ಕೂ ಅಗಲವಾದ ಕ್ರೋಮ್ ಹೋಗಿ, ಹಿಂದಿನ ಫೆಂಡರ್ ಹತ್ತಿರ ಮೇಲಕ್ಕೆ ಬಾಗಿ, ಕಿಟಕಿಯ ಕೆಳಗಿನ ಸೊಂಟದ ಗೆರೆ ಹಿಡಿದು ಮತ್ತೆ ಮುಂದಕ್ಕೆ ಬರುತ್ತದೆ. ಬಾಗಿಲ ನಡುಭಾಗ ಬೋಳು. ಎಲ್ಡೊರಾಡೊ ಎಂಬ ಬಿಡಿ ಅಕ್ಷರಗಳು ಮುಂದಿನ ಫೆಂಡರ್ ಮೇಲೆ. ಹಿಂಬದಿಯ ಜಾಲರಿಯಲ್ಲೂ ವ್ಯತ್ಯಾಸ ಇದೆ: ಸೀರೀಸ್ 62ರಲ್ಲಿ ಹರಳಿನಂಥ ಬೊಟ್ಟುಗಳು ಒಂದೇ ಸಾಲು, ಎಲ್ಡೊರಾಡೊದಲ್ಲಿ ಮೂರು ಸಾಲು.

ಇದನ್ನೆಲ್ಲ ಓದಿ, ಕಾರಿನ ಮುಂದೆ ನಿಂತು 'ಇದೆ, ಇದೆ, ಇದೆ' ಎಂದು ಟಿಕ್ ಮಾಡಿಕೊಂಡು ಬಂದರೆ ಮೋಸ ಹೋಗುತ್ತೀರಿ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದು: ಮೇಲಿನ ದರ್ಜೆಯ ವಸ್ತುಗಳು ಇವೆಯೇ ಎಂದು ಹುಡುಕಬೇಡಿ, ಕೆಳಗಿನ ದರ್ಜೆಯ ಗುರುತುಗಳು ಎಲ್ಲಾದರೂ ಉಳಿದಿವೆಯೇ ಎಂದು ಹುಡುಕಿ. ದುಬಾರಿ ಸಾಮಾನನ್ನು ದುಡ್ಡು ಕೊಟ್ಟು ತಂದು ಕೂರಿಸಬಹುದು. ಮೊದಲೇ ಇದ್ದದ್ದರ ಗುರುತನ್ನು ಪೂರ್ತಿ ಅಳಿಸುವುದು ಬಹಳ ಕಷ್ಟ.

ನೇರ ಪಟ್ಟಿಯನ್ನೇ ತೆಗೆದುಕೊಳ್ಳಿ. ಅದು ಅಂಟಿನಿಂದ ನಿಂತದ್ದಲ್ಲ. ತಗಡಿನಲ್ಲಿ ಸಾಲಾಗಿ ತೂತು ಮಾಡಿ, ಕ್ಲಿಪ್ಪು ತೂರಿಸಿ ಹಿಡಿಸಿರುತ್ತಾರೆ. ಸೀರೀಸ್ 62ನ್ನು ಬಿಯಾರಿಟ್ಜ್ ಮಾಡಬೇಕಾದರೆ ಆ ತೂತುಗಳನ್ನೆಲ್ಲ ವೆಲ್ಡಿಂಗ್ ಮಾಡಿ ಮುಚ್ಚಿ, ಉಜ್ಜಿ, ಪುಟ್ಟಿ ಹಚ್ಚಿ, ಬಣ್ಣ ಹೊಡೆಯಬೇಕು. ಹೊರಗಿನಿಂದ ಎಂಥ ಕಣ್ಣಿಗೂ ಅದು ಕಾಣದಂತೆ ಮಾಡುವ ಟಿಂಕರಿಂಗ್ ಕೆಲಸಗಾರರು ಇದ್ದಾರೆ. ಆದರೆ ಒಳಮೈ? ಡಿಕ್ಕಿ ತೆರೆದು, ಪಕ್ಕದ ಹೊದಿಕೆ ಸರಿಸಿ, ಟಾರ್ಚ್ ಹಿಡಿದು ಹಿಂದಿನ ಫೆಂಡರ್‌ನ ಹೊರ ತಗಡಿನ ಒಳಮೈ ನೋಡಿ. ಒಂದೇ ಎತ್ತರದಲ್ಲಿ, ಸಮ ಅಂತರದಲ್ಲಿ, ಕಾಳಿನ ಗಾತ್ರದ ಉಬ್ಬುಗಳು ಸಾಲಾಗಿ ಕಾಣಿಸಿದರೆ ಅವು ಮುಚ್ಚಿದ ತೂತುಗಳು. ಕೈಬೆರಳಿಂದ ಸವರಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಬಾಗಿಲ ಒಳಪ್ಯಾನೆಲ್ ಬಿಚ್ಚಲು ಮಾರುವವರು ಒಪ್ಪಿದರೆ ಅಲ್ಲೂ ನೋಡಿ. ಮುಂದಿನ ಫೆಂಡರ್‌ಗೆ ಚಕ್ರದ ಕಮಾನಿನೊಳಗಿಂದ ಕೈ ಹಾಕಿ, ಲಾಂಛನ ಇದ್ದ ಜಾಗ ತಡವಿ. ಬಣ್ಣದ ದಪ್ಪ ಅಳೆಯುವ ಸಣ್ಣ ಉಪಕರಣ ಬಾಡಿಗೆಗೂ ಸಿಗುತ್ತದೆ. ಅದನ್ನು ಬಾಗಿಲ ನಡುಭಾಗದಲ್ಲಿ ಅಡ್ಡಕ್ಕೆ ಹಿಡಿದುಕೊಂಡು ಹೋದಾಗ ಒಂದು ಗೆರೆಯುದ್ದಕ್ಕೂ ದಪ್ಪ ಏಕಾಏಕಿ ಏರಿದರೆ ಕೆಳಗೆ ಪುಟ್ಟಿ ಇದೆ.

ಇದೇ ಪರೀಕ್ಷೆಯನ್ನು ತಿರುವುಮುರುವು ಮಾಡಿಯೂ ನೋಡಬಹುದು. ಸೊಂಟದ ಗೆರೆಯ ಎಲ್ಡೊರಾಡೊ ಪಟ್ಟಿಗೆ ಕಾರ್ಖಾನೆಯಲ್ಲೇ ಕೊಟ್ಟ ತೂತುಗಳು ಅಚ್ಚಿನಲ್ಲಿ ಒತ್ತಿದಂತೆ ಒಂದೇ ಅಳತೆ, ಒಂದೇ ಅಂತರ. ಗ್ಯಾರೇಜಿನಲ್ಲಿ ಡ್ರಿಲ್ ಹಾಕಿದ ತೂತಿನ ಒಳ ಅಂಚು ತರಚಿರುತ್ತದೆ, ಅಂತರದಲ್ಲೂ ಅಷ್ಟಿಷ್ಟು ಏರುಪೇರು. ಒಂದು ಎಚ್ಚರಿಕೆ ಮಾತ್ರ ಇರಲಿ. ಒಹಾಯೊ, ಮಿಷಿಗನ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ಹಳೆಯ ಕಾರುಗಳ ಕೆಳಭಾಗ ತುಕ್ಕಿಗೆ ಬಲಿಯಾಗಿರುತ್ತದೆ. ಇಡೀ ತಗಡನ್ನೇ ಕತ್ತರಿಸಿ ಬೇರೆ ಹಾಕಿದ್ದರೆ ತೂತಿನ ಸಾಕ್ಷಿ ಎತ್ತಲೂ ವಾಲುವುದಿಲ್ಲ. ಎಡಗಡೆ ಒಂದು ಬಗೆ, ಬಲಗಡೆ ಒಂದು ಬಗೆ ಕಾಣುವುದೂ ಉಂಟು. ಅಂಥ ಕಾರಿನಲ್ಲಿ ಚಾಸಿ ನಂಬರಿಗೇ ಕೊನೆಯ ಮಾತು.

ಇನ್ನು ನಿಮ್ಮನ್ನು ಒಲಿಸಿದ ಮೂರು ಕಾರ್ಬುರೇಟರ್. 1959ರ ಮಾಮೂಲಿ ಕ್ಯಾಡಿಲಾಕ್‌ನ 390 ಘನ ಅಂಗುಲದ ವಿ8 ಎಂಜಿನ್ನಿಗೆ 325 ಅಶ್ವಶಕ್ತಿ. ಎಲ್ಡೊರಾಡೊಗೆ ಅದೇ ಎಂಜಿನ್, ಮೂರು ಕಾರ್ಬುರೇಟರ್ ಜೊತೆ, 345 ಅಶ್ವಶಕ್ತಿ. ಆದರೆ ಈ ಎಂಜಿನ್ನನ್ನು ಬೇರೆ ಕ್ಯಾಡಿಲಾಕ್‌ಗಳಿಗೂ ಹೆಚ್ಚಿನ ಹಣ ಕೊಟ್ಟು ಹಾಕಿಸಿಕೊಳ್ಳಬಹುದಿತ್ತು. ಆಮೇಲೆ ಹಾಕಿಸಿಕೊಂಡವರೂ ಇದ್ದಾರೆ. ಆದ್ದರಿಂದ ಇದಕ್ಕೆ ನಾನು ಹೆಚ್ಚು ತೂಕ ಕೊಡುವುದಿಲ್ಲ. ಬಕೆಟ್ ಸೀಟಿಗೆ ಇನ್ನೂ ಕಡಿಮೆ. ನಾಲ್ಕು ಬೋಲ್ಟು ಬಿಚ್ಚಿದರೆ ಸೀಟು ಬದಲಾಗುತ್ತದೆ, ಅಸಲಿ ಬಿಯಾರಿಟ್ಜ್‌ಗಳಲ್ಲೇ ಉದ್ದ ಬೆಂಚ್ ಸೀಟು ಇದ್ದವೂ ಇವೆ. ಗಾಳಿ ತುಂಬಿದ ಸಸ್ಪೆನ್ಷನ್ ಎಲ್ಡೊರಾಡೊಗೆ ಕಾರ್ಖಾನೆಯಿಂದಲೇ ಬರುತ್ತಿತ್ತು. ಅದು ಸೋರುವ ಕಾಟಕ್ಕೆ ಬೇಸತ್ತು ಬಹಳ ಮಾಲೀಕರು ಮಾಮೂಲಿ ಕಾಯಿಲ್ ಸ್ಪ್ರಿಂಗ್ ಹಾಕಿಸಿಬಿಟ್ಟರು. ಹಾಗಾಗಿ ಸ್ಪ್ರಿಂಗ್ ಕಂಡ ಮಾತ್ರಕ್ಕೆ ನಕಲಿ ಎನ್ನಬೇಡಿ. ಆದರೆ ಬದಲಿಸಿದ ಕಾರಿನಲ್ಲಿ ಗಾಳಿಯ ಪೈಪು ಹಾದುಹೋದ ಕ್ಲಿಪ್ಪು, ಕಂಪ್ರೆಸರ್ ಕೂರಿಸಿದ ಬ್ರಾಕೆಟ್ ಇಂಥವು ಎಲ್ಲೋ ಒಂದು ಕಡೆ ಉಳಿದಿರುತ್ತವೆ. ಲಿಫ್ಟ್ ಮೇಲೆ ಏರಿಸಿ ನೋಡಲು ಅವಕಾಶ ಸಿಕ್ಕರೆ ಬಿಡಬೇಡಿ.

ಕನ್ವರ್ಟಿಬಲ್ ಬಿಟ್ಟು ಮುಚ್ಚಿದ ಕಾರುಗಳಿಗೆ ಬಂದರೂ ಈ 'ಕೆಳಗಿನದರ ಗುರುತು' ಸೂತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಸೀರೀಸ್ 62 ಕೂಪ್ ಮತ್ತು ಕೂಪ್ ಡಿವಿಲ್ ಎರಡಕ್ಕೂ ಛಾವಣಿ ಒಂದೇ, ಬಾಗಿಲು ಒಂದೇ. ಬೆಲೆ 4,892 ಮತ್ತು 5,252 ಡಾಲರ್. ಜನ ಎರಡನ್ನೂ ಸರಿಸುಮಾರು ಸಮಸಮ ಕೊಂಡರು: ಮೊದಲಿನದು 21,947, ಎರಡನೆಯದು 21,924. ಡಿವಿಲ್‌ಗೆ ಪವರ್ ಕಿಟಕಿ, ಪವರ್ ಸೀಟು ಬೆಲೆಯಲ್ಲೇ ಸೇರಿತ್ತು. ಸೀರೀಸ್ 62 ಕೂಪ್‌ಗೆ ಅದು ಬೇಕಾದರೆ ಹೆಚ್ಚುವರಿ ಹಣ ಕೊಡಬೇಕಿತ್ತು. ಹೀಗಾಗಿ ಡಿವಿಲ್ ಎಂದು ಹೇಳುವ ಕಾರಿನ ಬಾಗಿಲಲ್ಲಿ ಗಾಜು ಇಳಿಸುವ ಕೈಹಿಡಿ ಇದ್ದರೆ, ಅಥವಾ ಅದರ ತೂತನ್ನು ಮುಚ್ಚಿದ ಗುರುತಿದ್ದರೆ, ಅದು ಡಿವಿಲ್ ಅಲ್ಲ. ಪವರ್ ಕಿಟಕಿ ಇದ್ದ ಮಾತ್ರಕ್ಕೆ ಡಿವಿಲ್ ಎಂದೂ ಹೇಳುವಂತಿಲ್ಲ.

ಸೆಡಾನ್‌ಗಳಲ್ಲಿ ಬೇರೊಂದು ತಪ್ಪು ಕಲ್ಪನೆ ಓಡಾಡುತ್ತಿದೆ. ಚಪ್ಪಟೆ ಛಾವಣಿ, ಹಿಂದಕ್ಕೆ ಬಳಸಿಬರುವ ದೊಡ್ಡ ಗಾಜು ಇರುವ ನಾಲ್ಕು ಕಿಟಕಿಯ ಸೆಡಾನ್ ದುಬಾರಿಯದು, ಆರು ಕಿಟಕಿಯದು ಅಗ್ಗದ್ದು ಎಂದು ಬಹಳ ಜನ ತಿಳಿದಿದ್ದಾರೆ. ಎರಡೂ ಆಕಾರ ಸೀರೀಸ್ 62ರಲ್ಲೂ ಇದ್ದವು, ಡಿವಿಲ್‌ನಲ್ಲೂ ಇದ್ದವು. ಅದು ಕೊಳ್ಳುವವರ ಇಷ್ಟಕ್ಕೆ ಬಿಟ್ಟ ವಿಷಯ. ಸಿಕ್ಸ್‌ಟಿ ಸ್ಪೆಷಲ್ ಮಾತ್ರ ಆರು ಕಿಟಕಿಯ ಆಕಾರದಲ್ಲೇ ಬಂತು, ಅದೂ ಎಲ್ಲ ಮಾಮೂಲಿ ಸೆಡಾನ್‌ಗಳಿಗಿಂತ ದುಬಾರಿ, 6,233 ಡಾಲರ್. ಅದನ್ನು ಹಿಂದಿನ ಫೆಂಡರ್ ಮೇಲಿನ ಹುಸಿ ಗಾಳಿಗಂಡಿಯಿಂದ ಗುರುತಿಸುವುದು ಸುಲಭ: ಬಂದೂಕಿನ ಗುಂಡಿನ ಆಕಾರದ ಉಬ್ಬು, ಅದಕ್ಕೆ ಕ್ರೋಮ್ ಅಂಚು. 1958ರವರೆಗೆ ಈ ಕಾರಿನ ವೀಲ್‌ಬೇಸ್ 133 ಅಂಗುಲ ಇತ್ತು, ತಮ್ಮಂದಿರಿಗಿಂತ ಉದ್ದ. ಅಲ್ಲಿಯವರೆಗಿನ ಸಿಕ್ಸ್‌ಟಿ ಸ್ಪೆಷಲ್‌ಗಳನ್ನು ಅಳತೆ ಟೇಪು ಹಿಡಿದೇ ಪತ್ತೆ ಮಾಡಬಹುದು. 1959ರಲ್ಲಿ ಎಲ್ಲರಿಗೂ 130 ಮಾಡಿದ ಮೇಲೆ ಟೇಪು ಉಪಯೋಗಕ್ಕೆ ಬಾರದಾಯಿತು.

ಎಲ್ಡೊರಾಡೊ ಬ್ರೌಮ್ ಬಗ್ಗೆ ಒಂದೆರಡು ಸಾಲು ಬರೆಯದೆ ಇರಲಾರೆ. 1959 ಮತ್ತು 1960ರ ಬ್ರೌಮ್‌ಗಳ ಚಾಸಿ ಡೆಟ್ರಾಯಿಟ್‌ನಿಂದ ಹಡಗಿನಲ್ಲಿ ಇಟಲಿಯ ಟುರಿನ್‌ಗೆ ಹೋಗಿ, ಪಿನಿನ್‌ಫರಿನಾ ಕಾರ್ಖಾನೆಯಲ್ಲಿ ಕೈಕೆಲಸದ ಬಾಡಿ ಹೊತ್ತು ವಾಪಸು ಬರುತ್ತಿತ್ತು. ಮೊದಲ ವರ್ಷ 99, ಮರುವರ್ಷ 101. ಬೆಲೆ 13,075 ಡಾಲರ್. ಆ ಎತ್ತರದ ರೆಕ್ಕೆ ಇದರಲ್ಲಿಲ್ಲ. 1959ರ ಕಾರಾದರೂ ಮುಂದಿನ ವರ್ಷಗಳ ಕ್ಯಾಡಿಲಾಕ್‌ನ ಹಾಗೆ ಶಾಂತವಾದ ಗೆರೆಗಳು. ಗೊತ್ತಿಲ್ಲದವರು ಇದನ್ನೇ 'ಯಾವುದೋ ಕಡಿಮೆ ದರ್ಜೆಯದು' ಎಂದುಕೊಂಡು ಪಕ್ಕದ ಕೂಪ್ ಡಿವಿಲ್‌ನ ಫೋಟೊ ತೆಗೆದುಕೊಂಡು ಹೋಗುತ್ತಾರೆ. ನನ್ನ ಕಣ್ಣಿಗೆ ಆ ದಶಕದ ಅತ್ಯಂತ ಸುಂದರ ಕ್ಯಾಡಿಲಾಕ್ ಇದೇ.

ಬೇರೆ ಕಂಪನಿಗಳ ವಿಷಯ ನೀವು ಕೇಳಿದ್ದರಿಂದ ಮುಖ್ಯವಾದವನ್ನು ಹೇಳುತ್ತೇನೆ. ಕ್ರೈಸ್ಲರ್‌ನ ಇಂಪೀರಿಯಲ್‌ನಲ್ಲಿ 1957ರಿಂದ ಮೂರು ಮೆಟ್ಟಿಲು: ಸಾದಾ ಇಂಪೀರಿಯಲ್ (1959ರಿಂದ ಇದಕ್ಕೆ ಕಸ್ಟಮ್ ಎಂಬ ಹೆಸರು), ಕ್ರೌನ್, ಲೆಬ್ಯಾರನ್. ಆ ಕಾಲದ ಕ್ರೌನ್‌ನಲ್ಲಿ ಫೆಂಡರ್ ಮೇಲಿನ ಇಂಪೀರಿಯಲ್ ಎಂಬ ಬರಹದ ಒಂದು ಅಕ್ಷರದ ಮೇಲೆ ಪುಟ್ಟ ಕಿರೀಟ ಕೂತಿರುತ್ತದೆ. ಡಿಕ್ಕಿಯ ಮುಚ್ಚಳದ ಮೇಲೆ ಸ್ಟೆಪ್ನಿ ಟೈರಿನ ಆಕಾರದ ಉಬ್ಬು ಕಂಡರೆ ಲೆಬ್ಯಾರನ್ ಎಂದುಕೊಳ್ಳುವವರಿದ್ದಾರೆ. ಅದು ಬೇಕಾದವರು ಹಾಕಿಸಿಕೊಳ್ಳುತ್ತಿದ್ದ ಅಲಂಕಾರ, ದರ್ಜೆಯ ಗುರುತಲ್ಲ. 1960ರಿಂದ ಲೆಬ್ಯಾರನ್‌ಗೆ ಹಿಂದಿನ ಗಾಜನ್ನು ಚಿಕ್ಕದು ಮಾಡಿದರು. ಇಂಥದು ಒಳ್ಳೆಯ ಗುರುತು, ಯಾಕೆಂದರೆ ಛಾವಣಿಯ ತಗಡನ್ನೇ ಬದಲಿಸದೆ ಇದನ್ನು ನಕಲು ಮಾಡುವಂತಿಲ್ಲ. ಹೆಸರಿನಲ್ಲಿ ಮಾತ್ರ ಹುಷಾರಾಗಿರಬೇಕು: 'ಇಂಪೀರಿಯಲ್ ಕ್ರೌನ್' ಎಂದರೆ ನಡುವಿನ ದರ್ಜೆಯ ಕಾರು, 'ಕ್ರೌನ್ ಇಂಪೀರಿಯಲ್' ಎಂದರೆ ಟುರಿನ್‌ನ ಘಿಯಾ ಕಂಪನಿ ಕಟ್ಟಿದ ಲಿಮೋಸಿನ್. ಈ ಎರಡನೆಯವು 1957ರಿಂದ 1965ರವರೆಗೆ ಒಟ್ಟು 132 ಮಾತ್ರ ತಯಾರಾದವು. ಜಾಹೀರಾತಿನಲ್ಲಿ ಪದ ಹಿಂದುಮುಂದಾದರೆ ಕಾರೇ ಬೇರೆಯಾಗುತ್ತದೆ.

ಲಿಂಕನ್‌ನದು ಸುಲಭ. 1958ರಿಂದ 1960ರವರೆಗೆ ಮೇಲಿನ ದರ್ಜೆಯಾದ ಕಾಂಟಿನೆಂಟಲ್‌ಗೆ ಹಿಂದಿನ ಗಾಜು ಒಳಮುಖವಾಗಿ ಓರೆಯಾಗಿರುತ್ತದೆ, ಬಟನ್ ಒತ್ತಿದರೆ ಕೆಳಗಿಳಿಯುತ್ತದೆ. ಕೆಳಗಿನ ಮೆಟ್ಟಿಲುಗಳಾದ ಕ್ಯಾಪ್ರಿ, ಪ್ರೀಮಿಯರ್‌ಗಳಿಗೆ ಅದಿಲ್ಲ. 1961ರಲ್ಲಿ ಲಿಂಕನ್ ಈ ಮೆಟ್ಟಿಲುಗಳನ್ನೇ ಕಿತ್ತುಹಾಕಿ, ಕಾಂಟಿನೆಂಟಲ್ ಎಂಬ ಒಂದೇ ದರ್ಜೆ ಉಳಿಸಿಕೊಂಡಿತು; ಸೆಡಾನ್ ಅಥವಾ ಕನ್ವರ್ಟಿಬಲ್, ಅಷ್ಟೇ. ಪ್ಯಾಕಾರ್ಡ್‌ನ 1956ರ ಕ್ಯಾರಿಬಿಯನ್‌ಗೆ ಸೀಟಿನ ದಿಂಬುಗಳನ್ನು ತಿರುಗಿಸಿ ಹಾಕಬಹುದಿತ್ತು, ಒಂದು ಮಗ್ಗುಲಿಗೆ ಚರ್ಮ, ಇನ್ನೊಂದಕ್ಕೆ ಬಟ್ಟೆ. ಆ ವರ್ಷ ಕನ್ವರ್ಟಿಬಲ್ 276, ಹಾರ್ಡ್‌ಟಾಪ್ 263 ಮಾತ್ರ ತಯಾರಾದವು. ಬ್ಯೂಕ್‌ನಲ್ಲಿ 1949ರಿಂದ ಮುಂದಿನ ಫೆಂಡರ್ ಪಕ್ಕದ ಗುಂಡು ರಂಧ್ರಗಳನ್ನು ಎಣಿಸುತ್ತಿದ್ದರು: ರೋಡ್‌ಮಾಸ್ಟರ್‌ಗೆ ನಾಲ್ಕು, ಸೂಪರ್‌ಗೆ ಮೂರು. 1955ರಲ್ಲಿ ಚಿಕ್ಕಣ್ಣನಾದ ಸೆಂಚುರಿಗೂ ನಾಲ್ಕು ಕೊಟ್ಟು ಆ ಲೆಕ್ಕ ಕೆಡಿಸಿದರು.

1970ರ ದಶಕದ ಕ್ಯಾಡಿಲಾಕ್‌ಗಳಲ್ಲಿ ವಿನೈಲ್ ಛಾವಣಿ, ದಿಂಬಿನಂಥ ವೆಲ್ವೆಟ್ ಸೀಟು ನೋಡಿ ಎಲ್ಲವನ್ನೂ 'ಫ್ಲೀಟ್‌ವುಡ್ ಬ್ರೌಮ್' ಎನ್ನುವ ರೂಢಿ ಇದೆ. 1974ರಿಂದ ಡಿವಿಲ್‌ಗೂ ಡೆಲಿಗಾನ್ಸ್ ಎಂಬ ಪ್ಯಾಕೇಜಿನಲ್ಲಿ ಅಂಥ ಸೀಟು ಸಿಗುತ್ತಿತ್ತು. ಇಲ್ಲಿ ಅಳತೆ ಟೇಪು ಮತ್ತೆ ಕೆಲಸಕ್ಕೆ ಬರುತ್ತದೆ. 1971ರಿಂದ 1976ರವರೆಗಿನ ಡಿವಿಲ್‌ಗೆ ವೀಲ್‌ಬೇಸ್ 130 ಅಂಗುಲ, ಫ್ಲೀಟ್‌ವುಡ್ ಬ್ರೌಮ್‌ಗೆ 133. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆಯಿರಿ, ಎರಡು ನಿಮಿಷದ ಕೆಲಸ.

ದಾಖಲೆಯ ಮಾತಿಗೆ ಬಂದರೆ ಕ್ಯಾಡಿಲಾಕ್ ಕೊಳ್ಳುವವರು ಅದೃಷ್ಟವಂತರು. ಹಳೆಯ ಕಾರುಗಳ ಕಾರ್ಖಾನೆ ದಾಖಲೆಗಳನ್ನು ಕಂಪನಿ ಕಾಪಾಡಿಕೊಂಡು ಬಂದಿದೆ. ಜನರಲ್ ಮೋಟರ್ಸ್‌ನ ಹೆರಿಟೇಜ್ ವಿಭಾಗಕ್ಕೆ ಕಾರಿನ ಪೂರ್ತಿ ನಂಬರು ಕಳಿಸಿ, ಶುಲ್ಕ ಕಟ್ಟಿ, ಆ ಕಾರು ಯಾವ ಬಣ್ಣದಲ್ಲಿ, ಯಾವ ಸಾಮಾನಿನೊಂದಿಗೆ ಹೊರಬಿತ್ತು ಎಂಬ ಹಾಳೆಯ ಪ್ರತಿ ಕೇಳಬಹುದು. ನೀವು ಒಹಾಯೊದಲ್ಲೇ ಇರುವುದರಿಂದ ಇನ್ನೊಂದು ಅನುಕೂಲ ಇದೆ: ಪಕ್ಕದ ಮಿಷಿಗನ್ ರಾಜ್ಯದ ಹಿಕರಿ ಕಾರ್ನರ್ಸ್ ಎಂಬ ಊರಿನ ಗಿಲ್ಮೋರ್ ಮ್ಯೂಸಿಯಂ ಆವರಣದಲ್ಲಿ ಕ್ಯಾಡಿಲಾಕ್‌ಗೇ ಮೀಸಲಾದ ಕಟ್ಟಡ ಇದೆ. ಒಂದು ವಾರಾಂತ್ಯ ಹೋಗಿ, ಅಸಲಿ ಕಾರುಗಳ ಪಕ್ಕ ನಿಧಾನವಾಗಿ ಸುತ್ತಿ, ಪಟ್ಟಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿಗೆ ಅಭ್ಯಾಸ ಮಾಡಿಸಿಕೊಳ್ಳಿ. ಹತ್ತು ಪುಸ್ತಕ ಓದುವುದಕ್ಕಿಂತ ಅದು ಹೆಚ್ಚು ಕಲಿಸುತ್ತದೆ.

ಈಗ ನಿಮ್ಮ ಬಿಳಿ ಕಾರಿಗೆ ಬರೋಣ. ಚಾಸಿಯ ಮೇಲೆ 59ಇ, ಫಲಕದ ಮೇಲೆ 6467, ಬಾಡಿ ಸಂಖ್ಯೆ 1,320ರ ಒಳಗೆ, ಬಾಗಿಲ ನಡುವೆ ಮುಚ್ಚಿದ ತೂತಿಲ್ಲ ಎಂದಾದರೆ ಮಾರುವವರು ಹೇಳಿದ್ದು ಸತ್ಯ. ಆಗಲೂ ಕಾಗದದ ನಂಬರು ಕಾರಿನ ನಂಬರಿಗೆ ಹೊಂದುವಂತೆ ಅವರೇ ಸರ್ಕಾರಿ ಕಚೇರಿಯಲ್ಲಿ ತಿದ್ದಿಸಿಕೊಟ್ಟ ಮೇಲೆ ಹಣ ಕೊಡಿ. ಚಾಸಿಯ ನಂಬರು ಉಜ್ಜಿದಂತೆ, ಅಥವಾ ಮತ್ತೆ ಒತ್ತಿದಂತೆ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ನಂಬರು ಅಳಿಸುವುದು, ತಿದ್ದುವುದು ಅಮೆರಿಕದಲ್ಲಿ ಫೆಡರಲ್ ಅಪರಾಧ, ಅಂಥ ಕಾರು ಪೊಲೀಸರ ವಶಕ್ಕೆ ಹೋದರೆ ನಿಮ್ಮ ಹಣವೂ ಹೋಗುತ್ತದೆ.

ಚಾಸಿಯ ಮೇಲೂ ಎಫ್ ಅಕ್ಷರವೇ ಇದ್ದು ನಂಬರು ಕಾಗದಕ್ಕೆ ಹೊಂದಿದರೆ (ನನ್ನ ಅಂದಾಜು ಅದೇ) ಅದು ಸೀರೀಸ್ 62. ಅದರಿಂದ ಕಾರು ಕೆಟ್ಟದ್ದಾಗುವುದಿಲ್ಲ. ಅದೇ ರೆಕ್ಕೆ, ಅದೇ ಚಾಸಿ, ಅದೇ ಮಡಿಚುವ ಟಾಪು. ರಸ್ತೆಗಿಳಿದಾಗ ಸಿಗುವ ಸುಖದಲ್ಲಿ ಕೊರತೆ ಏನಿಲ್ಲ. ಅದೇ ಸ್ಥಿತಿಯಲ್ಲಿರುವ ಸೀರೀಸ್ 62 ಕನ್ವರ್ಟಿಬಲ್‌ಗಳು ಈಚೆಗೆ ಎಷ್ಟಕ್ಕೆ ಹೋಗಿವೆ ಎಂದು ಹರಾಜಿನ ದಾಖಲೆ ನೋಡಿ ಆ ಬೆಲೆ ಹೇಳಿ, ತೂತು ಮುಚ್ಚಿ ಪುಟ್ಟಿ ಹಚ್ಚಿದ ತಗಡಿನ ಬಾಬ್ತು ಅದರಲ್ಲೇ ಕಡಿಮೆ ಮಾಡಿಸಿ. ಮಾರುವ ಕಾಗದದಲ್ಲಿ ಸೀರೀಸ್ 62 ಎಂದೇ ಬರೆಸಿ. ಮಾತು ಮುಗಿಸುವ ಮುಂಚೆ, ಬಿಚ್ಚಿದ ಹಳೆಯ ನೇರ ಪಟ್ಟಿಗಳು, ಫೆಂಡರ್ ಲಾಂಛನ, ಒಂದೇ ಸಾಲಿನ ಹಿಂಬದಿ ಜಾಲರಿ ಗ್ಯಾರೇಜಿನ ಮೂಲೆಯಲ್ಲಿ ಎಲ್ಲಾದರೂ ಇವೆಯೇ ಎಂದು ಕೇಳಿ. ಇದ್ದರೆ ಅವನ್ನೂ ಬೆಲೆಯಲ್ಲೇ ಸೇರಿಸಿ ತೆಗೆದುಕೊಳ್ಳಿ.